ಕನಕಾಂಬರದ ಗಿಡವೂ ಅದರ ಬೇರೂ



ಈ ಹೊತ್ತು ಕನಕಾಂಬರದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಕನಕಾಂಬರ ಗೊತ್ತಿಲ್ಲದ ಮನೆ ನಮ್ಮ ಸೀಮೆಯಲ್ಲಿ ಇರಲಾರದು. ಈ ಹೂವಿಗೆ ವಾಸನೆ ಇಲ್ಲ, ನಿಜ. ಆದರೆ ಮಲ್ಲಿಗೆಯ ಬಿಳುಪಿನ ನಡುವೆ ಎರಡು ಕನಕಾಂಬರ ಸೇರಿಸಿ ಕಟ್ಟಿದರೆ ಆ ದಂಡೆಗೆ ಬರುವ ಕಳೆಯೇ ಬೇರೆ. ಹೂವು ಬಲು ಹಗುರ, ತಲೆಗೆ ಭಾರವಾಗದು, ಬೇಗ ಬಾಡದು. ಎಷ್ಟು ಹಗುರವೆಂದರೆ, ಒಂದು ಕಿಲೋ ತೂಗಬೇಕಾದರೆ ಸುಮಾರು 15,000 ಹೂ ಬೇಕು. ಅಷ್ಟನ್ನೂ ಒಂದೊಂದಾಗಿ ಬೆರಳಿನಿಂದಲೇ ಬಿಡಿಸಬೇಕು. ಆದ್ದರಿಂದ ಇದು ದೊಡ್ಡ ಹಿಡುವಳಿಗಿಂತ ಮನೆಮಂದಿಯೇ ಕೂಡಿ ಮಾಡುವ ಐದು ಗುಂಟೆ, ಹತ್ತು ಗುಂಟೆಯ ಬೆಳೆ. ರಾಗಿ ಭತ್ತದ ದುಡ್ಡು ವರ್ಷಕ್ಕೊಮ್ಮೆ ಬಂದರೆ, ಕನಕಾಂಬರದ ದುಡ್ಡು ದಿನ ಬಿಟ್ಟು ದಿನ ಬರುತ್ತದೆ. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದ ಖರ್ಚು ಈ ಹೂವಿನಿಂದಲೇ ಸಾಗುವ ಮನೆಗಳು ಎಷ್ಟೋ ಇವೆ. ಬಹುಮಟ್ಟಿಗೆ ಅದು ಹೆಣ್ಣುಮಕ್ಕಳ ಕೈಗೇ ಸೇರುವ ದುಡ್ಡು.

ಹೀಗಿದ್ದರೂ ನಾನು ಹೋದ ಕಡೆಯೆಲ್ಲ ಕೇಳುವ ದೂರು ಒಂದೇ. "ಸ್ವಾಮಿ, ಮೊದಲು ಚೆನ್ನಾಗಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು ಗಿಡ ಸೊರಗಿತು. ಈಗ ಅರ್ಧ ತೋಟವೇ ಹೋಯಿತು" ಅಂತಾರೆ. ಏನು ಮಾಡಿದಿರಿ ಎಂದರೆ, "ಗೊಬ್ಬರ ಹಾಕಿದೆವು, ನೀರು ಕಟ್ಟಿದೆವು, ಔಷಧಿ ಹೊಡೆದೆವು" ಅಂತಾರೆ. ಬೇರು ನೋಡಿದಿರಾ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಅವರನ್ನು ಆಕ್ಷೇಪಿಸಲು ನನಗೆ ಬಾಯಿಲ್ಲ. ನಾನೇ ಒಮ್ಮೆ ಈ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಐದು ಗುಂಟೆ ಕನಕಾಂಬರ. ನಡುವೆ ಒಂದು ಕಡೆ ಗಿಡಗಳು ಕುಳ್ಳಗಾಗಿ ಎಲೆ ಹಳದಿಗೆ ತಿರುಗಿದ್ದವು. ನಾನು ಬದುವಿನ ಮೇಲೆ ನಿಂತೇ, "ಇದಕ್ಕೆ ಸಾರ ಸಾಲದು, ಯೂರಿಯಾ ಕೊಡಿ, ನೀರು ಹೆಚ್ಚು ಮಾಡಿ" ಎಂದು ಹೇಳಿ ಬಂದುಬಿಟ್ಟೆ. ಪಾಪ, ಅವರು ಸಾಲ ಮಾಡಿ ಗೊಬ್ಬರ ತಂದು ಹಾಕಿದರು. ತಿಂಗಳು ಕಳೆದು ಹೋದಾಗ ಸೊರಗಿದ ಜಾಗ ಇಮ್ಮಡಿಯಾಗಿತ್ತು. ಆ ಮನೆಯ ಅಜ್ಜಿ ಒಂದು ಗಿಡ ಕಿತ್ತು ನನ್ನ ಮುಂದೆ ಹಿಡಿದರು. "ಬೇರಿನಲ್ಲಿ ಇದೇನಪ್ಪ, ರಾಗಿಕಾಳು ಪೋಣಿಸಿದ ಹಾಗಿದೆ?" ಎಂದು ಕೇಳಿದರು. ಓದಿದ್ದ ನಾನು ಬಾಗಿ ನೋಡಿರಲಿಲ್ಲ. ಓದು ಬಾರದ ಅಜ್ಜಿ ನೋಡಿದ್ದರು. ಅಂದಿನಿಂದ ಸೊರಗಿದ ಗಿಡದ ಬೇರು ನೋಡದೆ ನಾನು ಯಾರಿಗೂ ಸಲಹೆ ಹೇಳುವುದಿಲ್ಲ.

ಆ ರಾಗಿಕಾಳಿನಂಥ ಗಂಟುಗಳು ಜಂತುಹುಳುವಿನ ಕೆಲಸ. ಇದು ಮಣ್ಣಿನಲ್ಲಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು. ಎಳೆಯ ಬೇರಿನ ಒಳಹೊಕ್ಕು, ಅಲ್ಲೇ ನೆಲೆ ನಿಂತು ರಸ ಹೀರುತ್ತದೆ. ಹುಳು ಕೂತ ಜಾಗದಲ್ಲಿ ಬೇರು ಉಬ್ಬಿ ಗಂಟಾಗುತ್ತದೆ. ಒಂದು ಹೆಣ್ಣುಹುಳು 200ರಿಂದ 500 ಮೊಟ್ಟೆ ಇಡುತ್ತದೆ. ಬೆಚ್ಚಗಿನ ನೆಲದಲ್ಲಿ ತಿಂಗಳೊಪ್ಪತ್ತಿಗೆ ಒಂದು ತಲೆಮಾರು ಮುಗಿದು ಇನ್ನೊಂದು ಬರುತ್ತದೆ. ಗಂಟು ಬಿದ್ದ ಬೇರು ನೀರನ್ನೂ ಸಾರವನ್ನೂ ಮೇಲಕ್ಕೆ ಕಳಿಸಲಾರದು. ನೀವು ಗೊಬ್ಬರ ಸುರಿದರೂ ಗಿಡಕ್ಕೆ ಹಸಿವೇ. ಸಾಲದ್ದಕ್ಕೆ, ಹುಳು ಮಾಡಿದ ಗಾಯದ ಮೂಲಕ ಸೊರಗು ರೋಗದ ಬೂಷ್ಟು ಒಳಗೆ ನುಗ್ಗುತ್ತದೆ. ಆಗ ಗಿಡ ಇದ್ದಕ್ಕಿದ್ದಂತೆ ಬಾಡಿ ನಿಂತಲ್ಲೇ ಒಣಗುತ್ತದೆ. ಜಂತುಹುಳುವಿನಲ್ಲಿ ಇನ್ನೊಂದು ಜಾತಿಯೂ ಕನಕಾಂಬರಕ್ಕೆ ಬೀಳುತ್ತದೆ. ಅದು ಗಂಟು ಮಾಡುವುದಿಲ್ಲ. ಬೇರನ್ನೇ ಕಪ್ಪಾಗಿಸಿ ಕೊಳೆಸುತ್ತದೆ. ಎಲೆ ಸಣ್ಣದಾಗಿ ಕೆಂಪು ಛಾಯೆಗೆ ತಿರುಗುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಹುಳು ತಾನಾಗಿ ವರ್ಷಕ್ಕೆ ಒಂದು ಗಜ ದೂರವೂ ಹೋಗಲಾರದು. ಹಾಗಾದರೆ ಊರಿಂದ ಊರಿಗೆ ಬರುವುದು ಹೇಗೆ? ನಾವೇ ಹೊತ್ತು ತರುತ್ತೇವೆ! ನೆಂಟರ ತೋಟದಲ್ಲಿ ಹೂ ಚೆನ್ನಾಗಿದೆ ಎಂದು ಸಸಿ ಕಿತ್ತು ತರುತ್ತೇವೆ. ಸಸಿಯ ಬೇರಿನಲ್ಲಿ, ಬೇರಿಗಂಟಿದ ಮಣ್ಣಿನಲ್ಲಿ, ಹಾರೆ ಗುದ್ದಲಿಯಲ್ಲಿ, ಹರಿದು ಬರುವ ನೀರಿನಲ್ಲಿ ಹುಳು ಬರುತ್ತದೆ. ನಾನು ಹೇಳಿದ ಆ ಮನೆಯಲ್ಲೂ ಹಾಗೇ ಆಗಿತ್ತು. ಸಸಿ ಬಂದದ್ದು ನೆಂಟರ ಹಳೆಯ ತೋಟದಿಂದ. ಮೇಲಾಗಿ ಅವರು ನೆಟ್ಟ ಜಾಗದಲ್ಲಿ ಹಿಂದಿನ ಬೆಳೆ ಟೊಮೆಟೊ. ಟೊಮೆಟೊ, ಬದನೆ, ಬೆಂಡೆ ಇವೆಲ್ಲ ಈ ಹುಳುವಿಗೆ ಪ್ರಿಯವಾದ ಆಹಾರ.

ನಿಂತ ಬೆಳೆಗೆ ಹುಳು ಹತ್ತಿದ ಮೇಲೆ ಅದನ್ನು ಪೂರ್ತಿ ಬಿಡಿಸುವ ಉಪಾಯವಿಲ್ಲ. ಹಿಂದೆ ಫೋರೇಟ್ ಎಂಬ ಹರಳು ವಿಷವನ್ನು ಬುಡಕ್ಕೆ ಹಾಕುತ್ತಿದ್ದರು. ಅದು ಮನುಷ್ಯರಿಗೂ ದನಕರುಗಳಿಗೂ ಘೋರ ವಿಷ. 2020ರ ಕೊನೆಯಿಂದ ನಮ್ಮ ದೇಶದಲ್ಲಿ ಅದರ ಮಾರಾಟಕ್ಕೂ ಬಳಕೆಗೂ ನಿಷೇಧವಿದೆ. ಯಾರಾದರೂ ಹಳೆಯ ದಾಸ್ತಾನು ಕೊಡುತ್ತೇವೆಂದರೂ ಮುಟ್ಟಬೇಡಿ. ಹೂ ಬಿಡಿಸುವುದು ಬರಿಗೈಯಲ್ಲಿ, ಕಟ್ಟುವುದು ಮನೆಯೊಳಗೆ, ಮುಡಿಯುವುದು ತಲೆಯಲ್ಲಿ. ಇದನ್ನು ಮರೆಯಬಾರದು. ಆದ್ದರಿಂದ ಕನಕಾಂಬರದಲ್ಲಿ ಚಿಕಿತ್ಸೆಗಿಂತ ಎಚ್ಚರಿಕೆಯೇ ದೊಡ್ಡದು, ಅದೂ ನೆಡುವುದಕ್ಕೆ ಮೊದಲು.

ಮೊದಲನೆಯದು, ಮಣ್ಣಿನ ಪರೀಕ್ಷೆ. ಇದನ್ನು ಮನೆಯಲ್ಲೇ ಮಾಡಬಹುದು. ಮಾರ್ಚಿ ತಿಂಗಳಲ್ಲಿ ಹೂ ನೆಡಬೇಕೆಂದಿರುವ ಜಾಗದ ಐದಾರು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು ಬೆರೆಸಿ. ಎರಡು ಮೂರು ಹಳೆಯ ಕುಂಡಕ್ಕೋ ತೂತು ಮಾಡಿದ ಡಬ್ಬಕ್ಕೋ ತುಂಬಿ. ಶುದ್ಧವಾದ ಮಣ್ಣಿನಲ್ಲಿ ಎಬ್ಬಿಸಿದ ಟೊಮೆಟೊ ಸಸಿ ನೆಟ್ಟು ನೀರು ಹಾಕುತ್ತಿರಿ. ಆರು ವಾರ ಕಳೆದ ಮೇಲೆ ಸಸಿಯನ್ನು ಕಿತ್ತೆಳೆಯದೆ, ಮಣ್ಣು ಸಮೇತ ಬಕೆಟ್ಟಿನ ನೀರಿನಲ್ಲಿ ಅದ್ದಿ ಬೇರು ತೊಳೆದು ನೋಡಿ. ಬೇರು ಬೆಳ್ಳಗೆ ನುಣ್ಣಗಿದ್ದರೆ ಒಳ್ಳೆಯದು. ಗಂಟುಗಳಿದ್ದರೆ ಆ ಜಾಗ ಈ ವರ್ಷ ಕನಕಾಂಬರಕ್ಕೆ ಬೇಡ. ಅನುಮಾನವಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ.

ಎರಡನೆಯದು, ನೆಲ ಶುದ್ಧಿ. ಹುಳುವಿರುವ ಜಾಗ ಬಿಟ್ಟರೆ ಬೇರೆ ಜಾಗವೇ ಇಲ್ಲ ಅಂತೀರಾ? ಅದಕ್ಕೂ ದಾರಿ ಇದೆ, ಆದರೆ ತಾಳ್ಮೆ ಬೇಕು. ಆ ಜಾಗದಲ್ಲಿ ಮೂರು ನಾಲ್ಕು ತಿಂಗಳು ಚೆಂಡುಹೂ ಒತ್ತಾಗಿ ಬೆಳೆಯಿರಿ. ಚೆಂಡುಹೂವಿನ ಬೇರಿನ ಸತ್ವಕ್ಕೆ ಈ ಹುಳು ತಾಳಲಾರದು. ಹೂ ಮಾರಿದ ದುಡ್ಡೂ ಕೈಗೆ ಬಂತು, ನೆಲವೂ ಹಗುರವಾಯಿತು. ನಡುವೆ ಕಳೆ ಇರಕೂಡದು, ಏಕೆಂದರೆ ಕಳೆಯ ಬೇರಿನಲ್ಲಿ ಹುಳು ಬದುಕಿಕೊಳ್ಳುತ್ತದೆ. ಆಮೇಲೆ ಬೇಸಿಗೆಯಲ್ಲಿ ಆಳವಾಗಿ ಉತ್ತು ಬಿಸಿಲಿಗೆ ಬಿಡಿ. ಜಾಗ ಸಣ್ಣದಾದರೆ ಏಪ್ರಿಲ್-ಮೇ ತಿಂಗಳಲ್ಲಿ ಮಣ್ಣನ್ನು ನೀರಿನಿಂದ ಹದ ಮಾಡಿ, ಬೆಳಕು ತೂರುವ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ, ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಹುಳುವೂ ಬೂಷ್ಟೂ ಕಳೆಬೀಜವೂ ಬಹುಮಟ್ಟಿಗೆ ಸಾಯುತ್ತವೆ. ಸಸಿಮಡಿಯ ಜಾಗಕ್ಕೆ ಇದನ್ನು ತಪ್ಪದೆ ಮಾಡತಕ್ಕದ್ದು.

ಮೂರನೆಯದು, ಸಸಿ. ಸಸಿಯನ್ನು ತರಬೇಡಿ, ನೀವೇ ಎಬ್ಬಿಸಿ. ಬೀಜದಲ್ಲಿ ಹುಳು ಬರುವುದಿಲ್ಲ. ಬೀಜ ಹಿಡಿಯುವುದು ಮಾತ್ರ ಸ್ವಲ್ಪ ಉಪಾಯದ ಕೆಲಸ. ಒಣಗಿದ ಕಾಯಿಗೆ ಒಂದು ಹನಿ ನೀರು ತಗುಲಿದರೆ ಸಾಕು, ಪಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳು ಬಾಯಲ್ಲಿ ಒದ್ದೆ ಮಾಡಿ ಆಟವಾಡುವುದು ಇದನ್ನೇ. ಆದ್ದರಿಂದ ಆರೋಗ್ಯವಾದ ಗಿಡಗಳ ತೆನೆಯನ್ನು ಕಂದು ಬಣ್ಣಕ್ಕೆ ತಿರುಗಿದಾಗ, ಇಬ್ಬನಿ ಆರಿದ ಮೇಲೆ ಕೊಯ್ದು ಬಟ್ಟೆಯ ಚೀಲದಲ್ಲಿ ಕಟ್ಟಿಡಿ. ಮೇ-ಜೂನಿನಲ್ಲಿ ಏರುಮಡಿಯ ಮೇಲೆ ತೆಳುವಾಗಿ ಬಿತ್ತಿ. ಸುಮಾರು 60 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ತಳಿಯಲ್ಲಿ ನಮ್ಮ ನಾಟಿ ಕಿತ್ತಲೆ ಬಣ್ಣದ್ದಿದೆ, ಹಳದಿಯದಿದೆ. ದೆಹಲಿ ಕನಕಾಂಬರ ಎಂಬುದು ಬೀಜ ಕಟ್ಟುವುದಿಲ್ಲ, ಅದನ್ನು ಎಳೆ ಕಡ್ಡಿ ನೆಟ್ಟು ಬೆಳೆಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ ಮೊದಲಾದ ತಳಿಗಳನ್ನು ಕೊಟ್ಟಿದ್ದಾರೆ. ತಳಿ ಯಾವುದಾದರೂ ಸರಿ, ನಾಟಿಯ ದಿನ ಹತ್ತು ಸಸಿ ಕಿತ್ತು ಬೇರು ತೊಳೆದು ನೋಡಿಯೇ ಮುಂದುವರಿಯಿರಿ.

ಇನ್ನು ಬೇಸಾಯದ ಮಾತು. ನೀರು ನಿಲ್ಲದ ಕೆಂಪು ಗೋಡು ಮಣ್ಣು ಇದಕ್ಕೆ ಶ್ರೇಷ್ಠ. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಇರಲಿ. ಗುಂಟೆಗೆ ಸುಮಾರು 540 ಗಿಡ ಹಿಡಿಯುತ್ತವೆ. ಗುಂಟೆಗೆ 250 ಕೆ.ಜಿ., ಅಂದರೆ ಎತ್ತಿನ ಗಾಡಿಯಲ್ಲಿ ಅರ್ಧ ಗಾಡಿಯಷ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ ಸೇರಿಸಿ. ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟಿನ ಪುಡಿ ಸಿಗುತ್ತದೆ. ಅದನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ಎರಡು ವಾರ ಹಸಿಯಾಗಿಟ್ಟು ಹಾಕಿದರೆ ಸೊರಗು ರೋಗಕ್ಕೆ ತಡೆಯಾಗುತ್ತದೆ. ನಾಟಿಯ ಕಾಲಕ್ಕೆ ಗುಂಟೆಗೆ ಯೂರಿಯಾ ಮುಕ್ಕಾಲು ಕೆ.ಜಿ., ಸೂಪರ್ ಫಾಸ್ಫೇಟ್ ಮೂರು ಮುಕ್ಕಾಲು ಕೆ.ಜಿ., ಪೊಟ್ಯಾಷ್ 1 ಕೆ.ಜಿ. ಸಾಕು. ವಾರಕ್ಕೊಮ್ಮೆ ನೀರು ಕೊಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕಳೆ ತೆಗೆಯುವಾಗ ಕುರ್ಜಿಗೆ ಬೇರು ಕತ್ತರಿಸದಂತೆ ನೋಡಿಕೊಳ್ಳಿ, ಗಾಯವೇ ರೋಗಕ್ಕೆ ಬಾಗಿಲು.

ಹಳದಿಯಾದ ಗಿಡಕ್ಕೆಲ್ಲ ಹುಳುವೇ ಕಾರಣವೆಂದು ತಿಳಿಯಬೇಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸುರಾಗಿದ್ದು, ಬೇರು ಬೆಳ್ಳಗಿದ್ದರೆ, ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಿಂಪಡಿಸಿದರೆ ಸರಿಹೋಗುತ್ತದೆ. ನೋಡಿ, ಇಲ್ಲೂ ತೀರ್ಮಾನ ಹೇಳುವುದು ಬೇರೇ.

ನಾಟಿಯಾಗಿ ಎರಡು ಮೂರು ತಿಂಗಳಿಗೆ ಹೂ ಶುರುವಾಗುತ್ತದೆ. ತೆನೆಯಲ್ಲಿ ಹೂ ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ. ದಿನ ಬಿಟ್ಟು ದಿನ, ತಂಪು ಹೊತ್ತಿನಲ್ಲಿ ಬೆಳಿಗ್ಗೆಯೇ ಬಿಡಿಸಿ. ಹೂ ಮುಗಿದ ತೆನೆಯನ್ನು ಗಿಡದಲ್ಲೇ ಬಿಟ್ಟರೆ ಸಾರವೆಲ್ಲ ಕಾಯಿಗೆ ಹೋಗುತ್ತದೆ. ಬೀಜಕ್ಕೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಚಿವುಟಿ ಹಾಕಿ, ಹೊಸ ಚಿಗುರು ಹೊಸ ತೆನೆ ಬರುತ್ತದೆ. ಜಡಿಮಳೆಯಲ್ಲಿ ಹೂ ಇಳಿಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ಗಿಡವೊಂದು ದಿಢೀರನೆ ಬಾಡಿದರೆ, ಬೇರು ಸಮೇತ ಅಗೆದು ಸುಟ್ಟುಬಿಡಿ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ರೋಗವೂ ಹೊಲಕ್ಕೆ ಹಿಂದಿರುಗುತ್ತದೆ. ಆರೋಗ್ಯವಾದ ತೋಟವನ್ನು ಎರಡು ಮೂರು ವರ್ಷ ಇಟ್ಟುಕೊಳ್ಳಬಹುದು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಕನಕಾಂಬರ ಬೇಡ.

ಆ ಅಜ್ಜಿಯ ಮನೆಯವರು ಏನು ಮಾಡಿದರು ಎಂದು ನೀವು ಕೇಳಬಹುದು. ತೋಟವನ್ನು ಕಿತ್ತು ಸುಟ್ಟರು. ಕೀಳುವ ದಿನ ನಾನೂ ಹೋಗಿದ್ದೆ. ಹೂವಿದ್ದ ಗಿಡವನ್ನು ಕೀಳುವುದಕ್ಕೆ ಯಾರಿಗೂ ಕೈ ಬರುತ್ತಿರಲಿಲ್ಲ. ಆ ಜಾಗಕ್ಕೆ ಚೆಂಡುಹೂ ಹಾಕಿದರು. ಮರುವರ್ಷ ಹಿತ್ತಲಿನ ಹೊಸ ಜಾಗದಲ್ಲಿ, ಸ್ವಂತ ಬೀಜದ ಸಸಿಯಿಂದ ಎರಡೇ ಗುಂಟೆ ನೆಟ್ಟರು. ಆ ಎರಡು ಗುಂಟೆ ಚೆನ್ನಾಗಿ ಬಂತು. ಮೊದಲೇ ನಾನು ಬಾಗಿ ನೋಡಿದ್ದರೆ ಅವರ ಗೊಬ್ಬರದ ಸಾಲವಾದರೂ ಉಳಿಯುತ್ತಿತ್ತು.

ಆದ್ದರಿಂದ ಬಾಂಧವರೇ, ನೆನಪಿನಲ್ಲಿಡಬೇಕಾದದ್ದು ಇಷ್ಟು. ನೆಡುವ ಮೊದಲು ಟೊಮೆಟೊ ಸಸಿಯಿಂದ ಮಣ್ಣು ಪರೀಕ್ಷಿಸಿ. ಟೊಮೆಟೊ, ಬದನೆ, ಬೆಂಡೆ ಬೆಳೆದ ಜಾಗ ಬಿಡಿ. ಸಸಿ ಬೇಡದೆ ಬೀಜ ಬೇಡಿ. ನಿಮ್ಮ ತೋಟದ ಸಸಿಯನ್ನು ಯಾರಾದರೂ ಕೇಳಿದರೂ, ಪ್ರೀತಿಯಿಂದ ಒಂದು ಹಿಡಿ ಬೀಜವನ್ನೇ ಕೊಟ್ಟು ಕಳಿಸಿ. ಗಿಡ ಸೊರಗಿದರೆ ಅಂಗಡಿಗೆ ಓಡುವ ಮೊದಲು ಗುದ್ದಲಿ ಹಿಡಿದು ಬೇರು ನೋಡಿ. ನಿಮ್ಮ ಹೊಲಕ್ಕೆ ಬಂದ ಅಧಿಕಾರಿ ಬದುವಿನ ಮೇಲೆ ನಿಂತು ಸಲಹೆ ಹೇಳಿದರೆ, ಅವರ ಕೈಗೂ ಒಂದು ಗಿಡ ಕಿತ್ತು ಕೊಡಿ. ಅದರಲ್ಲಿ ಸಂಕೋಚ ಬೇಡ.