ತೆರಿಗೆ ಚೀಟಿಯೊಳಗಿನ ಪ್ರಜಾಪ್ರಭುತ್ವ

(ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಊಟಕ್ಕೂ ಸಂಗೀತಕ್ಕೂ ನಡುವೆ ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಬಿಸಿಬೇಳೆ ಬಾತ್ ಆದ ಮೇಲೆ ರಾಜಕೀಯದ ಮಾತು ಕೇಳುವುದು ಕಷ್ಟವೇ. ಆದರೂ ಸ್ವಲ್ಪ ಹೊತ್ತು ಕಣ್ಣು ತೆರೆದಿರಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇದು ನಿಮ್ಮದೇ ಹಣದ ವಿಚಾರ.

ಊರಿನ ಸರಕಾರಿ ಶಾಲೆಗಳಿಗೆ ಪುಸ್ತಕ, ಬೆಂಚು, ಶೌಚಾಲಯ ಒದಗಿಸುವುದು ನಮ್ಮ ಸಂಸ್ಥೆಯ ಕೆಲಸ ಎಂದು ನಿಮಗೆಲ್ಲ ಗೊತ್ತಿದೆ. ಈ ಬಾರಿ ಸಮಿತಿಯವರು ಒಂದು ಸಣ್ಣ ಮೊತ್ತವನ್ನು ಇಲ್ಲಿಯೇ ಖರ್ಚು ಮಾಡೋಣ ಎನ್ನುತ್ತಿದ್ದಾರೆ. ವಾರಾಂತ್ಯದ ಕನ್ನಡ ತರಗತಿ ನಡೆಯುವಾಗ ಪಕ್ಕದ ಕೊಠಡಿಯಲ್ಲಿ ಹೈಸ್ಕೂಲ್ ಮಕ್ಕಳಿಗೂ ದೊಡ್ಡವರಿಗೂ ಸ್ಥಳೀಯ ಆಡಳಿತದ ಪಾಠ. "ಹಳ್ಳಿಯ ಮಕ್ಕಳ ಪಾಲಿನ ಹಣ ಟ್ರಾಯ್, ನೇಪರ್‌ವಿಲ್ ಮಕ್ಕಳಿಗೆ ಏಕೆ?" ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲೆಂದೇ ನಾನು ಇಲ್ಲಿ ನಿಂತಿದ್ದೇನೆ.

ಬೆಂಗಳೂರಿನಲ್ಲಿ ಯಾರು ಯಾವ ಖಾತೆಗೆ ಪಟ್ಟು ಹಿಡಿದಿದ್ದಾರೆ ಎಂಬುದು ನಮಗೆ ಬೆಳಗಿನ ಕಾಫಿಯ ಹೊತ್ತಿಗೇ ಗೊತ್ತಾಗಿರುತ್ತದೆ. ನಮ್ಮ ಮಕ್ಕಳು ಓದುವ ಶಾಲೆಯ ಸ್ಕೂಲ್ ಬೋರ್ಡ್ ಅಧ್ಯಕ್ಷರ ಹೆಸರು ಹೇಳಿ ಎಂದರೆ ಈ ಸಭಾಂಗಣದಲ್ಲಿ ಎಷ್ಟು ಕೈ ಮೇಲೇಳುತ್ತವೆ? ಇಲಿನಾಯ್‌ನಲ್ಲಿ ಸುಮಾರು 7,000 ಸ್ಥಳೀಯ ಆಡಳಿತ ಘಟಕಗಳಿವೆ, ದೇಶದಲ್ಲೇ ಅತಿ ಹೆಚ್ಚು. ಕೌಂಟಿ, ಟೌನ್‌ಶಿಪ್, ವಿಲೇಜ್, ಶಾಲೆ, ಗ್ರಂಥಾಲಯ, ಪಾರ್ಕು, ಸೊಳ್ಳೆ ನಿಯಂತ್ರಣಕ್ಕೂ ಒಂದು ಡಿಸ್ಟ್ರಿಕ್ಟು! ಪ್ರಾಪರ್ಟಿ ಟ್ಯಾಕ್ಸ್ ಚೀಟಿಯಲ್ಲಿ ಇವುಗಳ ಹೆಸರು ಸಾಲಾಗಿ ಇರುತ್ತವೆ, ನಾವು ಕೆಳಗಿನ ಒಟ್ಟು ಮೊತ್ತ ಮಾತ್ರ ನೋಡಿ ನಿಟ್ಟುಸಿರು ಬಿಡುತ್ತೇವೆ. ಆ ಮೊತ್ತದಲ್ಲಿ ಸಿಂಹಪಾಲು ಶಾಲೆಗೆ. ಅದನ್ನು ಖರ್ಚು ಮಾಡುವವರನ್ನು ಆರಿಸುವ ಚುನಾವಣೆ ಬೆಸಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುತ್ತದೆ. ಟಿವಿಯಲ್ಲಿ ಗದ್ದಲವಿಲ್ಲ, ಆದ್ದರಿಂದ ನಮಗೆ ಸುದ್ದಿಯೂ ಇಲ್ಲ.

ಈಗ ಟ್ರಾಯ್ ಗ್ರಂಥಾಲಯದ ಕಥೆ. ಇಲ್ಲಿ ಕೂತಿರುವ ಅನೇಕರ ಮಕ್ಕಳು ಅಲ್ಲಿಯೇ ಓದಿ ಬೆಳೆದವರು. 1971ರಲ್ಲಿ ಹೊಸ ಗ್ರಂಥಾಲಯ ತೆರೆದಾಗ ಮಾರ್ಗರೀಟ್ ಹಾರ್ಟ್ ಎಂಬ ಗ್ರಂಥಪಾಲಕಿ, ಊರಿನ ಮಕ್ಕಳಿಗೊಂದು ಪತ್ರ ಬರೆಯಿರಿ ಎಂದು ದೇಶವಿದೇಶದ ಗಣ್ಯರನ್ನು ಕೇಳಿಕೊಂಡರು. 97 ಪತ್ರಗಳು ಬಂದವು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಬರೆದರು, ಐಸಾಕ್ ಅಸಿಮೋವ್ ಬರೆದರು, ಡಾಕ್ಟರ್ ಸ್ಯೂಸ್ ಬರೆದರು. ಅಂಥ ಗ್ರಂಥಾಲಯ ನಾಲ್ಕು ದಶಕಗಳ ನಂತರ ಬಾಗಿಲು ಮುಚ್ಚುವ ಸ್ಥಿತಿಗೆ ಬಂತು. 2008ರ ಆರ್ಥಿಕ ಕುಸಿತದಲ್ಲಿ ಮನೆಗಳ ಬೆಲೆ ಬಿದ್ದು ನಗರದ ತೆರಿಗೆ ಆದಾಯ ಇಳಿದಿತ್ತು. 2010ರ ನವೆಂಬರ್‌ನಲ್ಲಿ ಗ್ರಂಥಾಲಯಕ್ಕೆ ಹಣ ಒದಗಿಸುವ ವಿಚಾರ ಮತಕ್ಕೆ ಬಂದು ಬಿದ್ದುಹೋಯಿತು. ಕೊನೆಯ ಅವಕಾಶವೆಂಬಂತೆ 2011ರ ಆಗಸ್ಟ್ 2ರಂದು ಇನ್ನೊಂದು ಮತದಾನ. ಐದು ವರ್ಷಗಳ ಕಾಲ 0.7 ಮಿಲ್ ತೆರಿಗೆ. ಒಂದು ಮಿಲ್ ಎಂದರೆ ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ ಒಂದು ಡಾಲರ್. ಮನೆಯ ತೆರಿಗೆ ಮೌಲ್ಯ 1,00,000 ಡಾಲರ್ ಎಂದಿಟ್ಟುಕೊಂಡರೆ ವರ್ಷಕ್ಕೆ 70 ಡಾಲರ್. ಒಂದು ಸಂಸಾರ ಡೋಸೆ ತಿಂದು ಬರುವ ಖರ್ಚು.

ಆಗ ಊರಿನ ಹುಲ್ಲುಹಾಸುಗಳ ಮೇಲೆ ವಿಚಿತ್ರ ಫಲಕಗಳು ಎದ್ದವು: ಆಗಸ್ಟ್ 2ರಂದು ಗ್ರಂಥಾಲಯ ಮುಚ್ಚಲು ಮತ ಹಾಕಿ, ಆಗಸ್ಟ್ 5ರಂದು ಪುಸ್ತಕ ಸುಡುವ ಸಂತೋಷಕೂಟಕ್ಕೆ ಬನ್ನಿ! ಹಾಕಿದವರ ಹೆಸರು 'ಸೇಫ್‌ಗಾರ್ಡಿಂಗ್ ಅಮೆರಿಕನ್ ಫ್ಯಾಮಿಲೀಸ್'. ಊರೇ ರೊಚ್ಚಿಗೆದ್ದಿತು. ಅಲ್ಲಿಯವರೆಗೆ ತೆರಿಗೆಯ ಬಗ್ಗೆ ಮಾತ್ರ ಜಗಳವಾಡುತ್ತಿದ್ದವರು ಪುಸ್ತಕಗಳ ಬಗ್ಗೆ ಮಾತಾಡತೊಡಗಿದರು. ಮತದಾನಕ್ಕೆ ಸ್ವಲ್ಪ ಮುಂಚೆ ಗುಟ್ಟು ರಟ್ಟಾಯಿತು. ಇದು ಗ್ರಂಥಾಲಯವನ್ನು ಉಳಿಸಲೆಂದೇ ಲಿಯೋ ಬರ್ನೆಟ್ ಎಂಬ ಜಾಹೀರಾತು ಸಂಸ್ಥೆಯ ಡೆಟ್ರಾಯಿಟ್ ಶಾಖೆಯವರು ಹೂಡಿದ ನಾಟಕ. ಶೇಕಡಾ 58 ಮತಗಳಿಂದ ತೆರಿಗೆ ಗೆದ್ದಿತು, ಗ್ರಂಥಾಲಯ ಉಳಿಯಿತು. ಜಾಹೀರಾತಿಗೆ ಪ್ರಶಸ್ತಿಗಳೂ ಬಂದವು.

ನಮ್ಮ ತರಗತಿಯ ಮೊದಲ ಪಾಠ ಇದೇ ಆಗಬೇಕೆಂದು ನನ್ನ ಆಸೆ. ಒಳ್ಳೆಯ ಕೆಲಸಕ್ಕೆ ಸುಳ್ಳು ಫಲಕ ನೆಡಬಹುದೇ? ನನಗಂತೂ ಈ ವಿಚಾರದಲ್ಲಿ ಮನಸ್ಸು ಒಪ್ಪುವುದಿಲ್ಲ. ಇಂದು ಗ್ರಂಥಾಲಯ ಉಳಿಸಲು ಬಂದ ಸುಳ್ಳು ನಾಳೆ ಮತ್ಯಾವುದನ್ನೋ ಮುಚ್ಚಲು ಬರುತ್ತದೆ. ಆದರೆ ಗ್ರಂಥಾಲಯವೇ ಇಲ್ಲದಿದ್ದರೆ ಏನು ಗತಿ ಎಂದು ಕೇಳುವವರೂ ಇರುತ್ತಾರೆ. ಹದಿನಾರು ವರ್ಷದ ಮಕ್ಕಳು ಇದನ್ನು ವಾದಿಸಲಿ, ನಾವು ಕೇಳಿಸಿಕೊಳ್ಳೋಣ. ಫೋನಿನಲ್ಲಿ ಬರುವ ಫಾರ್ವರ್ಡ್‌ಗಳನ್ನೆಲ್ಲ ನಂಬುವ ನಾವು ದೊಡ್ಡವರಿಗೂ ಈ ಪಾಠ ಬೇಕು.

"ನಾನು ಎಚ್‌-1ಬಿ ಮೇಲೆ ಇದ್ದೇನೆ, ಗ್ರೀನ್ ಕಾರ್ಡಿನ ಸರದಿ ಯಾವಾಗಲೋ, ನನಗೇನು ಸಂಬಂಧ?" ಎಂದು ಕೇಳುವ ತಮ್ಮಂದಿರು, ತಂಗಿಯರು ಇಲ್ಲಿ ಬಹಳ ಮಂದಿ ಇದ್ದೀರಿ. ಸಂಬಂಧ ಇದೆ. ಶಿಕಾಗೊ ನಗರದಲ್ಲಿ 1987ರ ಶಿಕ್ಷಕರ ಮುಷ್ಕರ 19 ದಿನ ನಡೆದು ಪೋಷಕರ ತಾಳ್ಮೆ ಮುಗಿದ ಮೇಲೆ 1988ರಲ್ಲಿ ಒಂದು ಕಾನೂನು ಬಂತು. ಅದರಂತೆ 1989ರಲ್ಲಿ ಶಾಲೆಶಾಲೆಗೂ ಲೋಕಲ್ ಸ್ಕೂಲ್ ಕೌನ್ಸಿಲ್ ಚುನಾಯಿತವಾಯಿತು. ಅದರಲ್ಲಿ ಪೋಷಕರಿಗೇ ಆರು ಸ್ಥಾನ. ಪ್ರಿನ್ಸಿಪಾಲರನ್ನು ನಾಲ್ಕು ವರ್ಷದ ಒಪ್ಪಂದಕ್ಕೆ ಆರಿಸುವುದು, ಶಾಲೆಯ ಬಜೆಟ್ ಒಪ್ಪುವುದು ಇವರ ಕೆಲಸ. ಇಲ್ಲಿ ಮತ ಹಾಕಲು, ಸ್ಪರ್ಧಿಸಲು ಅಮೆರಿಕದ ಪೌರತ್ವ ಬೇಕಿಲ್ಲ. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಸಾಕು. ಹೀಗೆಯೇ 49ನೇ ವಾರ್ಡಿನಲ್ಲಿ, ಅಂದರೆ ನಾವು ಬೇಳೆಕಾಳು ತರಲು ಹೋಗುವ ಡೆವಾನ್ ಅವೆನ್ಯೂಗೆ ಹತ್ತಿರದ ರಾಜರ್ಸ್ ಪಾರ್ಕ್ ಕಡೆ, ಆಲ್ಡರ್‌ಮನ್ ಜೋ ಮೂರ್ 2009ರಲ್ಲಿ ವಾರ್ಡಿನ ಸುಮಾರು 13 ಲಕ್ಷ ಡಾಲರ್ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ನಿವಾಸಿಗಳನ್ನೇ ಕೇಳುವ ಪದ್ಧತಿ ಶುರು ಮಾಡಿದರು. ಅಮೆರಿಕದಲ್ಲಿ ಇದೇ ಮೊದಲು. ಹದಿನಾರು ತುಂಬಿದ ಯಾರು ಬೇಕಾದರೂ, ಪೌರರಾಗಿರಲಿ ಬಿಡಲಿ, ಮತ ಹಾಕಬಹುದಿತ್ತು.

ಉಪನಗರಗಳಲ್ಲಿ ಇಂಥ ಸೌಕರ್ಯವಿಲ್ಲ, ನಿಜ. ಆದರೆ ಇಲಿನಾಯ್, ಮಿಚಿಗನ್ ಎರಡರ ಓಪನ್ ಮೀಟಿಂಗ್ಸ್ ಕಾನೂನೂ ಸಾರ್ವಜನಿಕ ಸಭೆಯಲ್ಲಿ ಎದ್ದು ಮಾತಾಡುವ ಹಕ್ಕನ್ನು ಯಾರಿಗಾದರೂ ಕೊಡುತ್ತದೆ. ನಿಮ್ಮ ಬೀದಿಯಲ್ಲಿ ಮಕ್ಕಳು ರಸ್ತೆ ದಾಟಲು ಗೆರೆ ಬೇಕೇ? ಎರಡು ಮೂರು ನಿಮಿಷ ಮೈಕ್ ನಿಮ್ಮದು. ವೀಸಾ ಯಾವುದೆಂದು ಅದಕ್ಕೆ ಷರತ್ತಿಲ್ಲ.

ಇಲ್ಲೇ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಕೇಳಿ. ಪೌರತ್ವ ಸಿಗುವ ಮುನ್ನ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಡಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೌಂಟರಿನಲ್ಲಿ ಆ ಪ್ರಶ್ನೆ ಬರುತ್ತದೆ. ಅಭ್ಯಾಸಬಲದಿಂದ 'ಎಸ್' ಎಂದು ಗುರುತು ಹಾಕಿದರೆ, 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡಿಗೂ ದೇಶದಲ್ಲಿ ಇರುವುದಕ್ಕೂ ಸಂಚಕಾರ ಬರಬಹುದು. ಈ ಒಂದು ವಿಷಯ ಹೇಳಿಕೊಡಲಿಕ್ಕಾದರೂ ತರಗತಿ ನಡೆಸಬೇಕು.

ಹಿರಿಯರಿಗೆ ಒಂದು ಸಂತೋಷದ ಸುದ್ದಿ. ಗ್ರೀನ್ ಕಾರ್ಡ್ ಪಡೆದು 20 ವರ್ಷ ಇಲ್ಲಿದ್ದು 50 ದಾಟಿದವರು, ಅಥವಾ 15 ವರ್ಷ ಇದ್ದು 55 ದಾಟಿದವರು ಪೌರತ್ವದ ಪರೀಕ್ಷೆಯನ್ನು ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲೇ ಎದುರಿಸಬಹುದು. ಕನ್ನಡದಲ್ಲೇ, ಅಜ್ಜಿ! 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿಯಲ್ಲಿ 128 ಪ್ರಶ್ನೆಗಳಿವೆ. 20 ಕೇಳುತ್ತಾರೆ, 12 ಸರಿಯಾಗಬೇಕು. ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಹಿರಿಯರ ಜೊತೆ ಕೂತು ಓದಿಸುವ ಕೆಲಸವನ್ನು ಹೈಸ್ಕೂಲ್ ಮಕ್ಕಳಿಗೆ ವಹಿಸೋಣ. ಮಕ್ಕಳಿಗೆ ಕನ್ನಡವೂ ಬರುತ್ತದೆ, ಅಜ್ಜ ಅಜ್ಜಿಯರಿಗೆ ಅಮೆರಿಕವೂ ಅರ್ಥವಾಗುತ್ತದೆ. ಯಾರು ಯಾರಿಗೆ ಪಾಠ ಹೇಳಿದರು ಎಂದು ಆಮೇಲೆ ನೋಡಿಕೊಳ್ಳೋಣ.

ಮಕ್ಕಳೇ, ನಿಮಗೆ ಹದಿನೆಂಟು ತುಂಬುವ ತನಕ ಕಾಯಬೇಕಾಗಿಲ್ಲ. ಅಮೆರಿಕದ ಪೌರರಾಗಿದ್ದು ಹದಿನಾರು ತುಂಬಿದ್ದರೆ ಮಿಚಿಗನ್‌ನಲ್ಲೂ ಇಲಿನಾಯ್‌ನಲ್ಲೂ ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ಇಲಿನಾಯ್‌ನಲ್ಲಿ ಶಾಲೆಯ ಅಂಕಗಳೂ ಚೆನ್ನಾಗಿರಬೇಕು. ಸಂಬಳವೂ ಉಂಟು. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ಆಗುವುದಾದರೆ ಇಲಿನಾಯ್‌ನ ಪ್ರೈಮರಿಯಲ್ಲಿ ಹದಿನೇಳರಲ್ಲೇ ಮತ ಹಾಕಬಹುದು.

ಸಂಸ್ಥೆಯ ಖಜಾಂಚಿಯವರು ನನ್ನನ್ನೇ ನೋಡುತ್ತಿದ್ದಾರೆ. ಅವರ ಆತಂಕ ಗೊತ್ತಿದೆ. ನಮ್ಮದು 501(ಸಿ)(3) ದತ್ತಿ ಸಂಸ್ಥೆ. ಅಭ್ಯರ್ಥಿಗಳ ಪರ ಅಥವಾ ವಿರುದ್ಧ ನಾವು ಒಂದು ಮಾತೂ ಆಡುವಂತಿಲ್ಲ, 1954ರಿಂದ ಈ ನಿರ್ಬಂಧ ಕಾನೂನಿನಲ್ಲಿದೆ. ಆದರೆ ಪಕ್ಷಭೇದವಿಲ್ಲದೆ ಮತದಾನದ ತಿಳಿವಳಿಕೆ ಕೊಡುವುದಕ್ಕೆ ಅಡ್ಡಿಯಿಲ್ಲ. ತರಗತಿಗೆ ಯಾವ ಅಭ್ಯರ್ಥಿಯ ಕರಪತ್ರವೂ ಬರಕೂಡದು, ನಮ್ಮ ಕನ್ನಡದವರೇ ನಿಂತಿದ್ದರೂ ಸರಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಇನ್ನು ಹಿರಿಯರ ಪ್ರಶ್ನೆಗೆ ಬರುತ್ತೇನೆ. 1987ರಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ನಡೆದದ್ದು ನಿಮಗೆ ನೆನಪಿರಬಹುದು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿದ್ದವರು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊಟ್ಟು ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಬಾವಿ ಕೊಟ್ಟರೆ ಸಾಲದು, ಅದನ್ನು ಎಲ್ಲಿ ಕೊರೆಯಬೇಕೆಂದು ಹಳ್ಳಿಯವರೇ ತೀರ್ಮಾನಿಸಬೇಕು ಎಂಬುದು ಆ ವ್ಯವಸ್ಥೆಯ ತಿರುಳು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಿತ್ತು, ದೇಶಕ್ಕೆಲ್ಲ ಅನ್ವಯವಾಗುವ ತಿದ್ದುಪಡಿ ಬಂದದ್ದು ಆಮೇಲೆ, 1992-93ರಲ್ಲಿ. ಹಾಗಾಗಿ, ಹಿರಿಯರೇ, ಊರಿಗೆ ಬೆಂಚು ಕಳುಹಿಸುವ ನಾವು ಆ ಊರು ಕಲಿಸಿದ ಪಾಠವನ್ನು ಇಲ್ಲಿ ನಮ್ಮ ಮಕ್ಕಳಿಗೆ ದಾಟಿಸುತ್ತಿದ್ದೇವೆ ಅಷ್ಟೆ. ಬೆಂಚಿನ ಹಣದಲ್ಲಿ ಕಡಿತವಿಲ್ಲ. ತರಗತಿಯ ಖರ್ಚಿಗೆ ಬೇರೆ ಡಬ್ಬಿ ಇಟ್ಟಿದ್ದೇವೆ, ಕಲಿಸುವವರೆಲ್ಲ ಸ್ವಯಂಸೇವಕರು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡ ಕೂಟಗಳ ವಾರ್ಷಿಕ ಸಭೆಗೆ ಕೋರಂ ಸೇರಿಸಲು ಕಾರ್ಯದರ್ಶಿಗಳು ಪಡುವ ಪಾಡು, ಕೊನೆಗೆ "ನೀವೇ ಆಗಿಬಿಡಿ ಸಾರ್" ಎಂದು ಅಧ್ಯಕ್ಷರಾಗುವ ರೀತಿ, ಎಲ್ಲರೂ ಕಂಡದ್ದೇ. ಹೈಸ್ಕೂಲ್ ಮಕ್ಕಳು ಮುಂದಿನ ಸಭೆಯ ಕಲಾಪ ಬರೆಯಲಿ, ಲೆಕ್ಕಪತ್ರ ಓದಿ ಪ್ರಶ್ನೆ ಕೇಳಲಿ. ಆ ಪ್ರಶ್ನೆಗಳಿಗೆ ನಾವು ಸಿಡುಕದೆ ಉತ್ತರಿಸುವುದನ್ನು ಕಲಿಯಬೇಕಾಗುತ್ತದೆ, ಅದು ದೊಡ್ಡವರ ಹೋಂವರ್ಕ್.

ಹೆಸರು ಬರೆಸುವ ಕಾಗದ ಕಾಫಿ ಮೇಜಿನ ಪಕ್ಕದಲ್ಲಿದೆ, ಡಬ್ಬಿಯೂ ಅಲ್ಲೇ ಇದೆ. ಮೊದಲ ತರಗತಿಗೆ ಬರುವಾಗ ಪೆನ್ನು ಮತ್ತು ಮನೆಯ ಪ್ರಾಪರ್ಟಿ ಟ್ಯಾಕ್ಸ್ ಚೀಟಿಯನ್ನು ತನ್ನಿ. ಬಾಡಿಗೆ ಮನೆಯವರು ಹಾಗೆಯೇ ಬನ್ನಿ, ಪಕ್ಕದವರ ಚೀಟಿ ನೋಡಿಕೊಳ್ಳಬಹುದು.