ಶಾಲೆಯ ಅಂಗಳದಡಿಯ ಅರಮನೆ

(ಶತಮಾನೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ತುಂಬಿದ ಈ ಅಂಗಳದಲ್ಲಿ ನಿಂತು ಇಂಗ್ಲೆಂಡಿನ ಇನ್ನೊಂದು ಶಾಲೆಯ ಅಂಗಳದ ವಿಷಯವನ್ನು ಹೇಳಬಯಸುತ್ತೇವೆ. ಸಾಮರ್‌ಸೆಟ್ ಪ್ರಾಂತದ ಚೆಡ್ಡರ್ ಎಂಬ ಊರನ್ನು ಲೋಕವು ಬಲ್ಲುದು ಚೀಸ್‌ನಿಂದ. ಅಲ್ಲಿ 1960ರ ದಶಕದ ಆರಂಭದಲ್ಲಿ ಹೊಸ ಶಾಲೆಯನ್ನು ಕಟ್ಟುವ ಮುನ್ನ, ಪುರಾತತ್ತ್ವಜ್ಞ ಫಿಲಿಪ್ ರಾಟ್ಜ್ ಅವರು ಆ ನೆಲವನ್ನು ಅಗೆದು ಪರಿಶೀಲಿಸಿದರು. ದೊರೆತದ್ದು ಸ್ಯಾಕ್ಸನ್ ಅರಸರ ಗ್ರಾಮೀಣ ಅರಮನೆ.

ಅರಮನೆ ಎಂದೊಡನೆ ಹಂಪಿಯ ಕಲ್ಲುಗಳನ್ನು ನೆನೆಯಬೇಡಿ. ಅದು ಮರದ ಕಟ್ಟಡ. ಕಂಬಗಳು ಎಂದೋ ಕೊಳೆತುಹೋಗಿದ್ದವು. ಅವುಗಳನ್ನು ನೆಟ್ಟಿದ್ದ ಗುಳಿಗಳು ಮಾತ್ರ ಬೇರೆ ಬಣ್ಣದ ಮಣ್ಣಾಗಿ ಉಳಿದಿದ್ದವು. ಆ ಗುರುತುಗಳನ್ನು ಅಳೆದೇ ಸುಮಾರು 24 ಮೀಟರ್ ಉದ್ದದ, ನಡುವೆ ತುಸು ಉಬ್ಬಿದ ಗೋಡೆಗಳ ಸಭಾಭವನದ ನಕ್ಷೆಯನ್ನು ಬರೆದರು. ಆಲ್‌ಫ್ರೆಡ್ ದೊರೆಯ ಮರಣಶಾಸನದಲ್ಲಿ ಚೆಡ್ಡರಿನ ಹೆಸರಿದೆ. ಹತ್ತನೆಯ ಶತಮಾನದಲ್ಲಿ ರಾಜಸಭೆ ಅಲ್ಲಿ ಕೂಡುತ್ತಿತ್ತು. ಪತ್ರಗಳಲ್ಲಿದ್ದ ಊರಿಗೆ ನೆಲದ ಸಾಕ್ಷ್ಯವು ದೊರೆತದ್ದು ಹೀಗೆ.

ಇಂದು ಆ ನಿವೇಶನವು ಸಂರಕ್ಷಿತ ಸ್ಮಾರಕ. 1979ರ ಕಾಯಿದೆಯಂತೆ ಸರಕಾರದ ಒಪ್ಪಿಗೆಯಿಲ್ಲದೆ ಅಂಥ ನೆಲವನ್ನು ಕೆದಕುವಂತಿಲ್ಲ. ಅನುಮತಿಯಿಲ್ಲದೆ ಲೋಹಶೋಧಕವನ್ನು ಹಿಡಿದು ಓಡಾಡುವುದೂ ಅಪರಾಧ. ಕಣ್ಣಿಗೆ ಕಾಣದ ಮಣ್ಣಿನ ಕಲೆಗೆ ಇಷ್ಟು ಕಾವಲೇಕೆಂದು ಮಕ್ಕಳು ನಮ್ಮನ್ನು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಕಂಬದ ಗುಳಿಯನ್ನು ಒಮ್ಮೆ ಮಾತ್ರ ಅಗೆಯಬಹುದು. ಎಷ್ಟೇ ಜಾಗರೂಕತೆಯಿಂದ ಅಗೆದರೂ ಆ ಮಣ್ಣಿನ ಪದರವು ಅಲ್ಲಿಗೆ ಮುಗಿಯಿತು. ಬಳಿಕ ಉಳಿಯುವುದು ಅಳತೆ, ಚಿತ್ರ, ಬರವಣಿಗೆಗಳಷ್ಟೇ. ಬೇಕಲದ ಕೋಟೆಯನ್ನು ಯಾರೂ ಕಾಣದೆ ಕೆಡವಲಾರರು. ಇದನ್ನೋ, ಒಂದು ಪಿಕ್ಕಾಸು ಅರ್ಧ ದಿನದಲ್ಲಿ ಅಳಿಸೀತು.

ಇದನ್ನು ಹೇಳುವಾಗ ನಮಗೆ ಸಂಕೋಚವಿದೆ. ನಮ್ಮ ಸಭಾಂಗಣಕ್ಕೆ ಪಾಯ ತೋಡಿದಾಗ, ಮುಳಿಹುಲ್ಲಿನ ಮಾಡಿನ ಮೊದಲ ಶಾಲೆಯ ಮುರಕಲ್ಲಿನ ತಳಪಾಯವು ಕಾಣಿಸಿಕೊಂಡಿತ್ತು. ನಾವು ಅಳೆಯಲಿಲ್ಲ, ಒಂದು ಛಾಯಾಚಿತ್ರವನ್ನೂ ತೆಗೆಸಲಿಲ್ಲ. ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಯಬೇಕಿತ್ತು. ಲಾರಿ ಬಂತು, ಕಲ್ಲು ಹೋಯಿತು.

ಉಳಿದರ್ಧ ಬಾವಿಯ ಬಳಿಯ ಆಟದ ಬಯಲಿನಡಿ ಇನ್ನೂ ಇದೆಯೆಂದು ಹಿರಿಯರು ಹೇಳುತ್ತಾರೆ. ಕುಡಿಯುವ ನೀರಿನ ಹೊಸ ಕೊಳವೆಯು ಅಲ್ಲಿಯೇ ಹಾದುಹೋಗಬೇಕಿತ್ತು. ಅದನ್ನು ಬೇಲಿಯ ಬದಿಗೆ ಸರಿಸಿದ್ದೇವೆ. ಚೆಡ್ಡರಿನಲ್ಲಿ ಅರಮನೆಯ ಗೋಡೆಗಳಿದ್ದ ಜಾಗವನ್ನು ಶಾಲೆಯ ನೆಲದ ಮೇಲೆ ಗುರುತು ಮಾಡಿದ್ದಾರೆ. ಊಟದ ಬಳಿಕ ನಮ್ಮ ಮಕ್ಕಳು ಸುಣ್ಣದ ಪುಡಿಯನ್ನೂ ಅಳತೆಯ ಪಟ್ಟಿಯನ್ನೂ ಹಿಡಿದು ಬಾವಿಯ ಬಳಿ ಕಾಯುತ್ತಿರುತ್ತಾರೆ. ಆ ಹಳೆಯ ಶಾಲೆಯಲ್ಲಿ ಕುಳಿತು ಓದಿದವರು ದಯವಿಟ್ಟು ಬಂದು, ಬಾಗಿಲು ಯಾವ ದಿಕ್ಕಿಗಿತ್ತೆಂಬುದನ್ನು ತೋರಿಸಿಕೊಡಬೇಕು.