ಬೀಸುವ ಕಾಲಿನ ಕಥೆ



ಹೆಜ್ಜೆ ಇಡುವಾಗ ಹಿಂದಿನ ಕಾಲು ನೆಲ ಬಿಟ್ಟು ಮುಂದಕ್ಕೆ ಬರುತ್ತದಲ್ಲ, ಅದನ್ನು ತರುವವರು ಯಾರು? ಸ್ನಾಯುಗಳು ಎಳೆದು ತರುತ್ತವೆಯೇ, ಇಲ್ಲ ಕಾಲು ತನ್ನ ಭಾರಕ್ಕೆ ತಾನೇ ತೂಗಿ ಬರುತ್ತದೆಯೇ? ಈ ಒಂದು ಪ್ರಶ್ನೆಯನ್ನು ಹಿಡಿದು ವಿಜ್ಞಾನಿಗಳು 150 ವರ್ಷಗಳಿಗೂ ಹೆಚ್ಚು ಕಾಲ ವಾದ ಮಾಡಿದ್ದಾರೆ.

ಒಂದು ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನದು ನಡಿಗೆಯ ಒಂದು ಆವರ್ತ. ಸಾಮಾನ್ಯ ವೇಗದಲ್ಲಿ ಇದು ಹೆಚ್ಚುಕಡಿಮೆ ಒಂದು ಸೆಕೆಂಡಿನ ಮಾತು. ಅದರಲ್ಲಿ ಸುಮಾರು ಶೇಕಡಾ 60 ಭಾಗ ಆ ಪಾದ ನೆಲದ ಮೇಲೆ, 40 ಭಾಗ ಗಾಳಿಯಲ್ಲಿ. ಎರಡೂ ಪಾದಗಳು ನೆಲದಲ್ಲಿರುವ ಗಳಿಗೆ ಪ್ರತಿ ಆವರ್ತದಲ್ಲಿ ಎರಡು ಸಲ ಬರುತ್ತದೆ. ಓಟದಲ್ಲಿ ಅದು ಇಲ್ಲವೇ ಇಲ್ಲ. ವಾದವೆಲ್ಲ ಎದ್ದದ್ದು ಗಾಳಿಯಲ್ಲಿರುವ ಆ 40 ಭಾಗದ ಬಗ್ಗೆ.

ಆ ವಾದವನ್ನು ಆರಂಭಿಸಿದವರು ಜರ್ಮನಿಯ ವೇಬರ್ ಸೋದರರು. ವಿಲ್ಹೆಲ್ಮ್ ಭೌತವಿಜ್ಞಾನಿ, ಎಡ್ವರ್ಡ್ ಅಂಗರಚನಾ ತಜ್ಞ. ಅವರು ಒಂದು ಶವದ ಸೊಂಟದ ಕೀಲಿನ ಸುತ್ತಲಿನ ಸ್ನಾಯುಗಳನ್ನೆಲ್ಲ ಕತ್ತರಿಸಿ ನೋಡಿದರು. ಕಾಲು ಕಳಚಿ ಬೀಳಲಿಲ್ಲ. ತೊಡೆಮೂಳೆಯ ಗುಂಡು ತಲೆ ತನ್ನ ಕುಳಿಯಲ್ಲೇ ಕೂತಿತ್ತು. ಆ ಕುಳಿಗೆ ಒಳಗಡೆಯಿಂದ ರಂಧ್ರ ಕೊರೆದು ಗಾಳಿ ನುಗ್ಗಲು ಬಿಟ್ಟಾಗ ಕಾಲು ಕೆಳಗಿಳಿಯಿತು. ಅಂದರೆ ಕಾಲನ್ನು ಎತ್ತಿ ಹಿಡಿಯಲು ಗಾಳಿಯ ಒತ್ತಡವೇ ಸಾಕು, ಸ್ನಾಯುಗಳಿಗೆ ಆ ಕೆಲಸವಿಲ್ಲ. ಹಾಗಾದರೆ ಅದು ಲೋಲಕದಂತೆ ತಾನಾಗಿ ಬೀಸುತ್ತದೆ ಎಂದು 1836ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನನಗೆ ಈ ಪ್ರಯೋಗ ಇಂದಿಗೂ ಅಚ್ಚರಿ ತರುತ್ತದೆ. ಕಂಡದ್ದು ನಿಜವೇ ಆಗಿತ್ತು. ಅದರಿಂದ ತೆಗೆದ ತೀರ್ಮಾನ ಮಾತ್ರ ಅರ್ಧ ನಿಜ.

ಉಳಿದರ್ಧವನ್ನು ಎತ್ತಿ ತೋರಿಸಿದವರು ನಡೆಯಲು ಕಷ್ಟಪಡುತ್ತಿದ್ದ ರೋಗಿಗಳು. ತೊಡೆಯನ್ನು ಮೇಲೆತ್ತುವ ಸ್ನಾಯುಗಳು ಸತ್ತವರ ಕಾಲು ತಾನಾಗಿ ಮುಂದೆ ಬರುವುದಿಲ್ಲ ಎಂಬುದನ್ನು ಪಾರ್ಶ್ವವಾಯು, ಸ್ನಾಯುರೋಗಗಳ ವೈದ್ಯನಾಗಿದ್ದ ಫ್ರಾನ್ಸಿನ ಡುಶೆನ್ ಗಮನಿಸಿದ. ಆದರೆ ವೈದ್ಯನ ಕಣ್ಣಿನ ಸಾಕ್ಷಿ ಗಣಿತಕ್ಕೆ ಸಾಲದು. ಅಳತೆ ಬೇಕಿತ್ತು.

ಅಳತೆ ಸಿಕ್ಕಿದ್ದು 1891ರಲ್ಲಿ, ಲೈಪ್‌ಜಿಗ್ ನಗರದ ಒಂದು ರಾತ್ರಿ. ಬ್ರೌನೆ ಎಂಬ ಅಂಗರಚನಾ ತಜ್ಞ, ಫಿಶರ್ ಎಂಬ ಗಣಿತಜ್ಞ ಸೇರಿ ಒಬ್ಬ ಸೈನಿಕನ ತೋಳು, ತೊಡೆ, ಕಾಲುಗಳಿಗೆ ಅನಿಲ ತುಂಬಿದ ಗಾಜಿನ ನಳಿಗೆಗಳನ್ನು ಕಟ್ಟಿದರು. ವಿದ್ಯುತ್ ಹರಿದಾಗ ಅವು ಸೆಕೆಂಡಿಗೆ 26 ಸಲ ಮಿನುಗುತ್ತಿದ್ದವು. ಸೈನಿಕನಿಗೆ ಶಾಕ್ ತಗಲದಂತೆ ಅವನ್ನೆಲ್ಲ ಬಿಗಿದು ಸಜ್ಜುಗೊಳಿಸಲು ಗಂಟೆಗಟ್ಟಲೆ ಹಿಡಿಯಿತು. ನಡೆದದ್ದು ಕೆಲವೇ ಹೆಜ್ಜೆ. ನಾಲ್ಕು ಕ್ಯಾಮೆರಾಗಳು ಆ ಮಿನುಗುಗಳನ್ನು ಹಿಡಿದವು. ಮರುವರ್ಷವೇ ಬ್ರೌನೆ ತೀರಿಕೊಂಡರು. ಫಿಶರ್ ಒಬ್ಬರೇ ಕೂತು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಪ್ರತಿ ಅಂಗದ ವೇಗ, ಬಲಗಳನ್ನು ಕೈಯಲ್ಲೇ ಲೆಕ್ಕ ಹಾಕಿದರು. 1895ರಿಂದ 1904ರವರೆಗೆ ಕಂತುಕಂತಾಗಿ ಬಂದ ಆ ಗ್ರಂಥದ ಉತ್ತರ ಸ್ಪಷ್ಟವಾಗಿತ್ತು: ಬೀಸುವ ಕಾಲಿನ ಚಲನೆಗೆ ಗುರುತ್ವವೊಂದೇ ಕಾರಣವಲ್ಲ, ಸ್ನಾಯುಗಳೂ ದುಡಿಯುತ್ತವೆ. ಅಷ್ಟು ವರ್ಷಗಳ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಎಷ್ಟು ದುಡಿಯುತ್ತವೆ, ಯಾವಾಗ? ಇದನ್ನು ತಿಳಿಯುವ ಒತ್ತಡ ಹೆಚ್ಚಿಸಿದ್ದು ಎರಡನೇ ಮಹಾಯುದ್ಧ. ಕಾಲು ಕಳೆದುಕೊಂಡ ಸೈನಿಕರಿಗಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೂಳೆತಜ್ಞ ಇನ್‌ಮನ್, ಎಂಜಿನಿಯರ್ ಎಬರ್‌ಹಾರ್ಟ್ ಸಂಶೋಧನೆಗೆ ಇಳಿದರು. ಎಬರ್‌ಹಾರ್ಟ್ ಸ್ವತಃ ಒಂದು ಕಾಲು ಕಳೆದುಕೊಂಡವರು. ಮೂಳೆಯ ಚಲನೆಯನ್ನು ಅಳೆಯಲು ಸ್ವಯಂಸೇವಕರ ಮೂಳೆಗೇ ಉಕ್ಕಿನ ಪಿನ್ನು ಕೊರೆದು ನಡೆಸಿದರು. ಸ್ನಾಯುಗಳ ವಿದ್ಯುತ್ ಸಂಕೇತ ದಾಖಲಿಸುವುದು ಸಾಧ್ಯವಾದ ಮೇಲೆ ಗುಟ್ಟು ಬಯಲಾಯಿತು. ತೊಡೆ ಎತ್ತುವ ಸ್ನಾಯುಗಳು ಬೀಸಿನ ಆರಂಭದಲ್ಲಿ ಒಮ್ಮೆ ಚುರುಕಾಗುತ್ತವೆ. ಕೊನೆಯಲ್ಲಿ ತೊಡೆಯ ಹಿಂಭಾಗದ ಸ್ನಾಯುಗಳು ಕಾಲಿನ ವೇಗ ತಗ್ಗಿಸುತ್ತವೆ. ನಡುವೆ ಹೆಚ್ಚಿನವು ಸುಮ್ಮನಿರುತ್ತವೆ. ಉಯ್ಯಾಲೆ ತೂಗುವವರು ಒಮ್ಮೆ ನೂಕಿ ಕೈ ಬಿಡುವುದಿಲ್ಲವೇ, ಹಾಗೆ.

ವೇಬರ್ ಸೋದರರ ಅರ್ಧ ನಿಜಕ್ಕೆ 1990ರಲ್ಲಿ ಮರುಜೀವ ಬಂತು. ಕೆನಡಾದ ಟ್ಯಾಡ್ ಮೆಕ್‌ಗೀರ್ ಮೋಟಾರಾಗಲಿ ಬ್ಯಾಟರಿಯಾಗಲಿ ಇಲ್ಲದ ಕಾಲುಗಳ ಯಂತ್ರವೊಂದನ್ನು ಸಣ್ಣ ಇಳಿಜಾರಿನಲ್ಲಿ ಬಿಟ್ಟರು. ಅದು ನಡೆದುಕೊಂಡು ಹೋಯಿತು. ಇಳಿಜಾರು ಕೊಡುವ ಅಲ್ಪ ಶಕ್ತಿಯೇ ಅದಕ್ಕೆ ಸಾಕಾಗಿತ್ತು.

ಇದು ಬರೀ ಪಂಡಿತರ ವಾದವಲ್ಲ. ಮೊಣಕಾಲಿನ ಮೇಲೆ ಕಾಲು ಕಳೆದುಕೊಂಡವರಿಗೆ ಬರೀ ತಿರುಗಣಿಯಂಥ ಕೃತಕ ಮೊಣಕಾಲು ಕೊಟ್ಟರೆ, ಅದರ ಕೆಳಭಾಗ ಲೋಲಕದಂತೆ ತನ್ನದೇ ಗತಿಯಲ್ಲಿ ತೂಗುತ್ತದೆ. ಬಸ್ಸು ಹಿಡಿಯಲು ಅವಸರಿಸಿದರೆ ಕಾಲು ಹಿಂದೆಯೇ ಉಳಿಯುತ್ತದೆ. 1997ರಲ್ಲಿ ಜರ್ಮನಿಯಿಂದ ಬಂದ, ಮೈಕ್ರೊಪ್ರೊಸೆಸರ್ ಇರುವ ಮೊಣಕಾಲು ಬೀಸಿನ ವೇಗವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಅಂಥವುಗಳ ಬೆಲೆ ನಮ್ಮ ದುಡಿಯುವ ಜನರ ಕೈಗೆ ಎಟುಕುವಂಥದ್ದಲ್ಲ. ಆ ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಜೈಪುರ ಕಾಲು ಎಂಬ ಕೃತಕ ಕಾಲನ್ನು ಹಂಚುವ ಸಂಸ್ಥೆಯೊಂದಿಗೆ ಸೇರಿ, ಪ್ಲಾಸ್ಟಿಕ್ಕಿನ ಒಂದು ಮೊಣಕಾಲನ್ನು ರೂಪಿಸಿದರು. ಅದರಲ್ಲಿ ಕಂಪ್ಯೂಟರಿಲ್ಲ. ನಾಲ್ಕು ಕೊಂಡಿಗಳ ಜೋಡಣೆಯೊಂದೇ, ಭಾರ ಬಿದ್ದಾಗ ಮಡಚದಂತೆ ನಿಂತು, ಕಾಲು ನೆಲ ಬಿಟ್ಟಾಗ ಬಾಗಿ ಬೀಸಲು ಬಿಡುತ್ತದೆ.